ಜಾಕೀಟು ಒಗೆಯಲು ಕಲಿಸಿದವಳು

ಕಳೆದ ತಿಂಗಳು ಒಬ್ಬ ಹುಡುಗಿ ಫೋನು ಮಾಡಿದಳು. ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಅವಳು ಕೂತಿದ್ದಾಳೆ. ರಸ್ತೆ ದುರಸ್ತಿಯ ಗುತ್ತಿಗೆ ಕಂಪನಿಯೊಂದರ ಉಗ್ರಾಣ ನೋಡಿಕೊಳ್ಳುವ ಕೆಲಸ. "ಬಾಯಾರ, ಹೆಣ್ಣಾಳುಗಳಿಗೆ ಹೊಸಾ ಜಾಕೀಟ ತರಸೂದೈತ್ರಿ. ಯಾವ ಸೈಜ್ ಬರೀಲಿ?" ಎಂದು ಕೇಳಿದಳು. ಬಾಯಾರ ಎಂದರೆ ನಮ್ಮ ಕಡೆ ಅಮ್ಮಾವ್ರು ಎಂದ ಹಾಗೆ. ನಾನು ಸೈಜು ಹೇಳಿ ಫೋನಿಟ್ಟೆ. ಅವಳಿಗೆ ಹೇಳಬೇಕಾಗಿದ್ದದ್ದು ಸೈಜಲ್ಲ. ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಮಿಕ್ಕವರೂ ಓದಲಿ.

ನಾನು ಯಾವಾಗ ಹಿರಿಯ ಉಗ್ರಾಣಿ ಆದೆ, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿ ಬೇಡ. ಶಾಲು ಎಲ್ಲರಿಗೂ ಹೊದಿಸುತ್ತಾರೆ, ಕಳ್ಳರಿಗೂ ಹೊದಿಸುತ್ತಾರೆ.

ನಮ್ಮ ಉಗ್ರಾಣ ಬೈಲಹೊಂಗಲದಲ್ಲಿತ್ತು. ಅಲ್ಲಿಂದ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಗೆ ಆಳುಗಳ ತಂಡಗಳು ಹೋಗುತ್ತಿದ್ದವು. ಗುಂಡಿ ಮುಚ್ಚುವುದು, ಮೋರಿಯ ಹೂಳು ತೆಗೆಯುವುದು, ರಸ್ತೆಯ ಅಂಚಿನ ಜಾಲಿ ಸವರುವುದು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳಿಂದ ಉದುರಿದ ಕಬ್ಬು, ಕೆಸರು ಬಳಿಯುವುದು. ಆಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ನಾನು ಸೇರಿದಾಗ ಅವರ ರಕ್ಷಣೆಗೆ ಇದ್ದದ್ದು ಬಿದಿರು ಕೋಲಿಗೆ ಕಟ್ಟಿದ ಒಂದು ಕೆಂಪು ಅರಿವೆ. ಜಾಕೀಟು ಬಂದದ್ದು ಕಿತ್ತೂರಿನ ಹತ್ತಿರ ಹೆದ್ದಾರಿಯ ಕೆಲಸ ಸಿಕ್ಕ ಮೇಲೆ.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಜಾಕೀಟಿಗೆ ಎರಡು ಕೆಲಸ. ಅದರ ಕಣ್ಣು ಕುಕ್ಕುವ ಬಣ್ಣ ಹಗಲಿಗೆ. ಮೇಲೆ ಹೊಲಿದ ಬೂದು ಪಟ್ಟಿ ನಸುಕಿಗೆ, ಮುಚ್ಚಂಜೆಗೆ, ಮಂಜಿಗೆ. ಗಾಡಿಯ ದೀಪ ಬಿದ್ದರೆ ಆ ಪಟ್ಟಿ ಬೆಳಕನ್ನು ಚಾಲಕನ ಕಣ್ಣಿಗೇ ತಿರುಗಿಸಿ ಕಳಿಸುತ್ತದೆ. ಬಣ್ಣ ಹೋದರೆ ಎಲ್ಲರಿಗೂ ಕಾಣುತ್ತದೆ. ಪಟ್ಟಿ ಸತ್ತರೆ ಹಗಲಲ್ಲಿ ಯಾರಿಗೂ ಕಾಣುವುದಿಲ್ಲ. ಇಷ್ಟನ್ನು ನಾನು ಕಲಿಯಲು ಒಬ್ಬ ಹೆಣ್ಣುಮಗಳ ಕಾಲು ಹೋಗಬೇಕಾಯಿತು.

ಮೊದಲ ಸಲ ಜಾಕೀಟು ತರಿಸಿದಾಗ ನಾನು ಕಣ್ಣು ಮುಚ್ಚಿ ಎಲ್ಲವನ್ನೂ ದೊಡ್ಡ ಸೈಜಿನಲ್ಲೇ ತರಿಸಿದೆ. ಸಣ್ಣದಾದರೆ ಬಯ್ಯುತ್ತಾರೆ, ದೊಡ್ಡದಾದರೆ ಯಾರು ಬಯ್ಯುತ್ತಾರೆ ಎಂಬ ಲೆಕ್ಕ. ಬಂದದ್ದೆಲ್ಲ ಗಂಡಸರ ಅಳತೆ. ಹೆಗಲು ಮೊಳಕೈಗೆ ಇಳಿಯುತ್ತಿತ್ತು, ಅಂಚು ತೊಡೆಗೆ ಬರುತ್ತಿತ್ತು. ಬುಟ್ಟಿ ಎತ್ತಲು ಬಗ್ಗಿದರೆ ಜಾಕೀಟು ಮುಂದಕ್ಕೆ ಜೋತು ಕೆಸರಿನಲ್ಲಿ ಅದ್ದುತ್ತಿತ್ತು. ಒಬ್ಬಾಕೆ ಅದನ್ನು ಹಾಕಿಕೊಂಡು ಉಗ್ರಾಣದ ಮುಂದೆ ನಿಂತು, "ಬಾಯಾರ, ಇದರಾಗ ನಮ್ಮ ಮನಿಯವರನ್ನೂ ಕರಕೊಂಡ ಹೋಗಬಹುದು ನೋಡ್ರಿ. ಇನ್ನೂ ಜಾಗಾ ಉಳೀತೈತಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ವಾರದೊಳಗೆ ಅದೇ ಆಕೆಯ ಜಾಕೀಟಿನ ಕಂಕುಳು ಟೆಂಪೋದ ಕೊಂಡಿಗೆ ಸಿಕ್ಕಿ, ಗಾಡಿ ಹೊರಟು, ನಾಲ್ಕು ಮಾರು ಎಳೆದುಕೊಂಡು ಹೋಯಿತು. ಮಂಡಿಯ ಚರ್ಮ ಕಿತ್ತು ಬಂತು. ಆಮೇಲೆ ಯಾರೂ ನಗಲಿಲ್ಲ.

ಮ್ಯಾನೇಜರ್ ಸಾಹೇಬರ ಹತ್ತಿರ ಹೋಗಿ ಹೆಂಗಸರ ಅಳತೆಯದು ಬೇರೆ ತರಿಸೋಣ ಎಂದೆ. ಅವರು ಕೆಟ್ಟ ಮನುಷ್ಯ ಅಲ್ಲ. ಆದರೆ ಅವರ ತಲೆಗೆ ಹೊಸದೊಂದು ಹೋಗಬೇಕಾದರೆ ಹಳೆಯದೊಂದು ಹೊರಗೆ ಬರಬೇಕು. "ಜಾಕೀಟಿನ್ಯಾಗ ಗಂಡು ಹೆಣ್ಣು ಎಲ್ಲೀದ್ರಿ ಬಾಯಾರ? ಅರಿವಿಗೂ ಲಿಂಗ ಐತೇನು?" ಎಂದರು. ಕೊನೆಗೆ ನಾನೇ ಯರಗಟ್ಟಿಯ ಒಬ್ಬ ದರ್ಜಿಯನ್ನು ಹಿಡಿದು ಎಲ್ಲ ಜಾಕೀಟುಗಳ ಹೆಗಲು ಕಿರಿದು ಮಾಡಿಸಿದೆ, ಪಕ್ಕಕ್ಕೆ ಲಾಡಿ ಹಾಕಿಸಿದೆ. ನಮ್ಮ ಹೆಂಗಸರು ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಡುತ್ತಾರೆ, ಅದರ ಮೇಲೆ ಜಾಕೀಟು. ಅಳತೆಯನ್ನು ಆ ಅಂಗಿಯ ಮೇಲೆಯೇ ತೆಗೆಯಬೇಕು. ಕರಕರ ಕಚ್ಚಿಕೊಳ್ಳುವ ವೆಲ್ಕ್ರೋ ಬೇಡ, ಇಳಕಲ್ ಸೀರೆಯ ಎಳೆ ಕೀಳುತ್ತದೆ; ಜಿಪ್ಪೇ ಇರಲಿ, ಆದರೆ ತಾಳಿ ಅಂಗಿಯ ಒಳಗೆ ಇರಬೇಕು. ಇದೆಲ್ಲ ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಬಣ್ಣದ ವಿಷಯದಲ್ಲೂ ಬೇಸ್ತು ಬಿದ್ದೆ. ನಿಂಬೆಹಳದಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದು ಮಾರಲು ಬಂದವನು ಹೇಳಿದ, ಅದನ್ನೇ ತರಿಸಿದೆ. ಒಂದು ದಿನ ಸಾಹೇಬರು ಸವದತ್ತಿ ರಸ್ತೆಯಲ್ಲಿ ಜೀಪಿನಲ್ಲಿ ಹೋಗಿ ಬಂದವರು, "ಒಬ್ಬರೂ ಕೆಲಸಕ್ಕ ಬಂದಿಲ್ಲ" ಎಂದು ಹನ್ನೊಂದು ಜನರ ಹಾಜರಿ ಹೊಡೆದು ಹಾಕಿದರು. ಹನ್ನೊಂದೂ ಜನ ಅಲ್ಲೇ ಇದ್ದರು, ಅರಳಿ ನಿಂತ ಸೂರ್ಯಕಾಂತಿ ಹೊಲದ ಬದುವಿನಲ್ಲಿ. ಅಂದಿನಿಂದ ಹೊಲದ ಕಡೆಯ ತಂಡಕ್ಕೆ ಕಿತ್ತಳೆ ಬಣ್ಣ ಮಾಡಿದೆ. ತರಿಸುವವರು ಅಂಗಡಿಯಲ್ಲಿ ಕೂತು ಬಣ್ಣ ಆರಿಸಬೇಡಿ. ಕೆಲಸದ ಜಾಗಕ್ಕೆ ಹೋಗಿ, ಹಿಂದೆ ಏನು ಬೆಳೆದಿದೆ ನೋಡಿ ಆರಿಸಿ.

ಸೆರಗಿನ ಜೊತೆ ಮಾತ್ರ ನಾನು ಕೊನೆಯ ತನಕ ಸೋತೆ. ರಸ್ತೆಯಲ್ಲಿ ಊರ ಹಿರಿಯರು, ಮಾವನ ವಾರಿಗೆಯವರು ಯಾರಾದರೂ ಹಾಯ್ದರೆ ನಮ್ಮ ಹೆಂಗಸರು ತಲೆಯ ಮೇಲೆ ಸೆರಗು ಎಳೆದು ಹೆಗಲು ತುಂಬ ಹೊದ್ದುಕೊಳ್ಳುತ್ತಾರೆ. ಜಾಕೀಟಿನ ಬೆನ್ನು ಪೂರ್ತಿ ಮುಚ್ಚಿಹೋಗುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ತಲೆಗೆ ಬೇರೆ ವಸ್ತ್ರ ಕಟ್ಟಿಕೊಳ್ಳಿ ಎಂದು ಬಾಯಿ ನೋಯುವ ತನಕ ಹೇಳಿದೆ. ನನ್ನೆದುರು ಸಿಕ್ಕಿಸಿಕೊಳ್ಳುತ್ತಿದ್ದರು. ಟೆಂಪೋ ಬೈಲಹೊಂಗಲ ದಾಟಿದ ಕೂಡಲೇ ಸೆರಗು ಮೇಲೆ ಬರುತ್ತಿತ್ತು.

ಇನ್ನು ನಾನು ಬರೆಯಲೇಬೇಕಾದ ಭಾಗಕ್ಕೆ ಬರುತ್ತೇನೆ.

ನಾನು ಹುಟ್ಟಿದ್ದು ಸವದತ್ತಿಯ ಒಂದು ಪೌರೋಹಿತ್ಯದ ಮನೆಯಲ್ಲಿ. ಅಪ್ಪನ ಕಾಲಕ್ಕೇ ಪೂಜೆ ಪುನಸ್ಕಾರದ ಸಂಪಾದನೆ ನಿಂತು ಎಲ್ಲರೂ ಒಂದೊಂದು ನೌಕರಿ ಹಿಡಿದಿದ್ದರು. ಆದರೆ ಅಜ್ಜಿಯ ಮಡಿ ಮಾತ್ರ ಮನೆ ಬಿಟ್ಟು ಹೋಗಿರಲಿಲ್ಲ. ಕುದಿಯುವ ನೀರು, ಸೋಡಾ, ಕಲ್ಲಿನ ಮೇಲೆ ಬಡಿತ, ಮೂರು ಸಲ ಜಾಲಿಸುವುದು. ಅರಿವೆ ಸವೆದರೂ ಸರಿ, ಕೊಳೆ ಉಳಿಯಬಾರದು. ಶುಚಿಯ ಬಗ್ಗೆ ನಮ್ಮಂಥ ಮನೆಯವರಿಗೆ ಒಂದು ಸೊಕ್ಕು ಇರುತ್ತದೆ. ಅದು ನನ್ನಲ್ಲಿಯೂ ಇತ್ತು. ನೌಕರಿಗೆ ಹೋದಾಗ ಅದೂ ಜೊತೆಯಲ್ಲೇ ಬಂತು.

ಜಾಕೀಟುಗಳು ಕೆಸರು ಮೆತ್ತಿ ಬರುವುದು ನನಗೆ ಸಹಿಸುತ್ತಿರಲಿಲ್ಲ. ಹೆಂಗಸರನ್ನು ಸಾಲಾಗಿ ಕೂರಿಸಿ ಒಗೆಯುವುದನ್ನು ಕಲಿಸಿದೆ. ನಮ್ಮ ಕಡೆ ಅಮಾವಾಸ್ಯೆಗೆ ಆಳುಗಳಿಗೆ ಸೂಟಿ. ಆ ದಿನ ಜಾಕೀಟು ಬಿಸಿನೀರಿನಲ್ಲಿ ಸೋಡಾ ಹಾಕಿ ನೆನೆಸಬೇಕು, ಕಲ್ಲಿಗೆ ಬಡಿಯಬೇಕು, ಪಟ್ಟಿಯನ್ನು ಬ್ರಷ್ಷಿನಿಂದ ಉಜ್ಜಬೇಕು, ಬಿಸಿಲಿಗೆ ಒಣಹಾಕಬೇಕು. ಮರುದಿನ ನಾನು ತಪಾಸಣೆ ಮಾಡುತ್ತಿದ್ದೆ. ಕೊರಳ ಹತ್ತಿರ ಒಂದು ಚೀಟಿ ಹೊಲಿದಿರುತ್ತಿತ್ತು. ಅದು ಕುತ್ತಿಗೆಗೆ ಚುಚ್ಚುತ್ತದೆ ಎಂದು ಹೆಂಗಸರು ಹೇಳಿದರು. ನಾನೇ ಕತ್ತರಿ ಹಿಡಿದು ಕೂತು ಎಲ್ಲ ಜಾಕೀಟುಗಳ ಚೀಟಿ ಕತ್ತರಿಸಿದೆ. ಆ ಚೀಟಿಯಲ್ಲಿ ಇದ್ದದ್ದು ಒಂದು ಬಕೀಟಿನ ಚಿತ್ರ, ಗೀಟು ಹಾಕಿದ ಇಸ್ತ್ರಿಪೆಟ್ಟಿಗೆಯ ಚಿತ್ರ, ಪಕ್ಕದಲ್ಲಿ ಒಂದು ಅಂಕಿ. ಎಷ್ಟು ಸಲ ಒಗೆದರೆ ಪಟ್ಟಿಯ ಆಯುಸ್ಸು ಮುಗಿಯುತ್ತದೆ ಎಂಬ ಅಂಕಿ ಅದು. ನಾನು ಓದು ಬರಹ ಬಲ್ಲವಳು. ಆದರೂ ಓದಲಿಲ್ಲ. ಒಗೆಯುವುದನ್ನು ನನಗೆ ಒಂದು ಚೀಟಿ ಕಲಿಸಬೇಕೆ ಎಂದುಕೊಂಡೆ.

ರಾಮದುರ್ಗದ ತಂಡದಲ್ಲಿ ಕಾಶವ್ವ ಎಂಬ ಹೆಂಗಸಿದ್ದಳು. ಹೆಸರು ಬದಲಿಸಿದ್ದೇನೆ. ಸುರೇಬಾನದ ಕಡೆಯ ಒಂದು ಹಳ್ಳಿಯವಳು. ಅವರದು ಮಾವನ ಕಾಲದಲ್ಲಿ ಬೌದ್ಧರಾದ ಮನೆತನ. ಗಂಡ ಇರಲಿಲ್ಲ. ಮಗ, ಸೊಸೆ ಕಬ್ಬು ಕಡಿಯಲು ಹೋಗುತ್ತಿದ್ದರು. ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದವಳು ಅವಳೊಬ್ಬಳೇ. ಮಿಕ್ಕವರು ಅಮಾವಾಸ್ಯೆಗೆ ಒಗೆದರೆ ಅವಳು ವಾರಕ್ಕೆರಡು ಸಲ ಒಗೆಯುತ್ತಿದ್ದಳು. ಕಾರಣ ಕೇಳಿದರೆ ಒಮ್ಮೆ ಹೇಳಿದಳು: "ಹೊಲಸ ಅರಿವ್ಯಾಗ ಬಸ್ ಹತ್ತಿದ್ರ ಬಾಜೂ ಕುಂತವರು ಎದ್ದ ಹೋಗ್ತಾರ್ರಿ. ಈ ಜಾಕೀಟ ಹೊಳೀತಿದ್ರ ಕಂಡಕ್ಟರ್ ಸೈತ ಅಕ್ಕಾರ, ಮುಂದ ಸರೀರಿ ಅಂತಾನ." ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು. ಅವಳಿಗಲ್ಲ, ನನಗೆ.

ಪ್ರತಿ ತಪಾಸಣೆಯಲ್ಲೂ ಅವಳನ್ನು ಮುಂದೆ ನಿಲ್ಲಿಸುತ್ತಿದ್ದೆ. "ನೋಡಿ ಕಲೀರಿ. ಕೆಲಸ ಅಂದ್ರ ಕಾಶವ್ವನ್ನಂಗ ಮಾಡಬೇಕು" ಎನ್ನುತ್ತಿದ್ದೆ. ಅವಳು ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಒಮ್ಮೆ ಮೇಲಿನ ಕಚೇರಿಯಿಂದ ದೊಡ್ಡವರು ಬಂದಾಗಲೂ ಅವಳ ಜಾಕೀಟನ್ನೇ ತೋರಿಸಿದೆ. ಅವರೂ ತಲೆದೂಗಿ ಹೋದರು. ಅವರಿಗೂ ಗೊತ್ತಿರಲಿಲ್ಲ ಎಂಬುದು ಈಗ ನೆನೆದರೆ ಸಿಟ್ಟು ಬರುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಂಡರೆ ನನ್ನ ಪಾಲು ಕಡಿಮೆಯಾಗುತ್ತದೆಯೇ, ಅದೂ ಇಲ್ಲ.

ಕಬ್ಬಿನ ಹಂಗಾಮು. ನಸುಕಿನ ಹೊತ್ತು, ಮಂಜು ಬಿದ್ದಿತ್ತು. ಯರಗಟ್ಟಿಯ ಆಚೆ ತಿರುವಿನಲ್ಲಿ ಕಬ್ಬಿನ ಗಾಡಿಯೊಂದು ರಾತ್ರಿ ಮಗುಚಿ ರಸ್ತೆಯ ತುಂಬ ಕಬ್ಬು ಬಿದ್ದಿದೆ, ಜನ ಓಡಾಡುವ ಮುಂಚೆ ತೆಗೆಯಿರಿ ಎಂದು ರಾಮದುರ್ಗದ ತಂಡವನ್ನು ಬೇಗ ಕರೆಸಿದ್ದರು. ಕಾಶವ್ವ ಎಲ್ಲರಿಗಿಂತ ಮುಂದೆ ಬಗ್ಗಿ ಕಬ್ಬು ಆಯುತ್ತಿದ್ದಳು. ತರಕಾರಿಯ ಟೆಂಪೋ ಬಂತು. ದೀಪ ಹಚ್ಚಿತ್ತು, ವೇಗವೂ ಇರಲಿಲ್ಲ. ಅವಳ ಎಡಗಾಲಿನ ಮೇಲೆ ಹಾಯ್ದುಹೋಯಿತು. ಚಾಲಕ ಓಡಿ ಹೋಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, "ಲೈಟ್ ಬಿದ್ದಿತ್ತರಿ. ಹೆಣ್ಮಗಳು ಕಾಣಲೇ ಇಲ್ಲ. ಬೆನ್ನಾಗ ಏನೂ ಮಿಂಚಲಿಲ್ಲರಿ" ಎಂದು ಒಂದನ್ನೇ ಹೇಳುತ್ತಿದ್ದನಂತೆ. ಅವನ ಮಾತನ್ನು ಯಾರೂ ನಂಬಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಅದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಆ ದಿನ ಮಧ್ಯಾಹ್ನ ಉಗ್ರಾಣದ ಕಿಟಕಿ, ಬಾಗಿಲು ಮುಚ್ಚಿ ಕತ್ತಲೆ ಮಾಡಿದೆ. ಒಂದು ಹೊಸ ಜಾಕೀಟು, ಆಳುಗಳಿಂದ ತರಿಸಿಕೊಂಡ ಹಳೆಯ ಹತ್ತು ಜಾಕೀಟುಗಳನ್ನು ಗೋಡೆಗೆ ನೇತು ಹಾಕಿದೆ. ಬ್ಯಾಟರಿ ದೀಪವನ್ನು ಕಣ್ಣಿನ ಪಕ್ಕಕ್ಕೆ ಹಿಡಿದು, ದೂರ ನಿಂತು ಬೆಳಕು ಬಿಟ್ಟೆ. ಹೊಸದರ ಪಟ್ಟಿ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು. ಹಳೆಯವು ಗೋಡೆಯಲ್ಲಿ ಕರಗಿಹೋಗಿದ್ದವು. ಬಣ್ಣ ಅಷ್ಟಾಗಿ ಮಾಸಿರಲಿಲ್ಲ. ಬಡಿದು, ಉಜ್ಜಿ, ಬೇಯಿಸಿ ಪಟ್ಟಿಯ ಮೇಲಿನ ಗಾಜಿನ ಹರಳುಪುಡಿಯನ್ನು ನಾವೇ ಉದುರಿಸಿದ್ದೆವು. ತೀರ ಕೊಳಕಾಗಿದ್ದ ಒಂದೇ ಒಂದು ಜಾಕೀಟು ಅಷ್ಟಿಷ್ಟು ಮಿನುಗಿತು. ಅದರ ಒಡತಿ ಒಗೆಯುವುದಕ್ಕೆ ಸೋಮಾರಿ, ನನ್ನಿಂದ ಪ್ರತಿ ತಿಂಗಳು ಬೈಗುಳ ತಿನ್ನುತ್ತಿದ್ದವಳು. ನಾನು ಅಲ್ಲೇ ಮೂಟೆಯ ಮೇಲೆ ಕೂತು ಅತ್ತೆ.

ಆಸ್ಪತ್ರೆಗೆ ಹೋದೆ. ಮಂಡಿಯ ಕೆಳಗೆ ಕಾಲು ತೆಗೆದಿದ್ದರು. ಕಾಶವ್ವ ನನ್ನನ್ನು ನೋಡಿದವಳೇ, "ಜಾಕೀಟು ರಕ್ತ ಆತರಿ ಬಾಯಾರ. ಸೊಸಿ ಒಗದ ಕೊಡ್ತಾಳ" ಎಂದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು: "ತಪ್ಪ ನಂದರಿ. ಥಂಡಿ ಇತ್ತಂತ ಸೆರಗ ಹೊತ್ಕೊಂಡಿದ್ದೆ. ನೀವು ಅಷ್ಟ ಸಲ ಹೇಳಿದ್ರಿ." ಸೆರಗು ಹೆಗಲ ಮೇಲಿತ್ತು ನಿಜ. ಆದರೆ ಬಗ್ಗಿದವಳ ಸೊಂಟದ ಪಟ್ಟಿ ಪೂರ್ತಿ ಹೊರಗಿತ್ತು ಎಂದು ಜೊತೆಯವರು ಹೇಳಿದ್ದರು. ಅದು ಹೊಳೆದಿದ್ದರೆ ಸಾಕಾಗಿತ್ತು. ನಾನು ಅದನ್ನು ಅವಳಿಗೆ ಹೇಳಲಿಲ್ಲ. ಕೈ ಸವರಿ ಬಂದೆ.

ಕೆಲಸದ ಮೇಲೆ ಪೆಟ್ಟು ಬಿದ್ದು ಮನೆಯಲ್ಲಿ ಕೂತವರ ಜಾಗಕ್ಕೆ ಅವರ ಮನೆಯ ಒಬ್ಬರನ್ನು ತೆಗೆದುಕೊಳ್ಳುವ ರೂಢಿ ನಮ್ಮಲ್ಲಿತ್ತು, ತಪ್ಪು ಆಳಿನದಲ್ಲದಿದ್ದರೆ. ಕಾಶವ್ವನಿಗೆ ಬೇಕಾಗಿದ್ದದ್ದು ಅದೊಂದೇ. ಸೊಸೆ ಕಬ್ಬು ಕಡಿಯುವುದು ಬಿಟ್ಟು ಊರಲ್ಲಿದ್ದು ಕೆಲಸ ಮಾಡಿದರೆ ಮೊಮ್ಮಗಳು ಒಂದೇ ಸಾಲೆಯಲ್ಲಿ ನಿಂತು ಓದುತ್ತಾಳೆ ಎಂದು ಆಸ್ಪತ್ರೆಯಲ್ಲೇ ಹೇಳಿದ್ದಳು. ಸಾಹೇಬರು ನನ್ನನ್ನು ಕರೆದರು. "ಜಾಕೀಟ ಕೊಟ್ಟಿತ್ತು. ಆಕಿ ಹಾಕ್ಕೊಂಡಿದ್ಲು. ಮ್ಯಾಲ ಸೆರಗಿತ್ತು. ಮೂರ ಸಾಲ ಬರದ ಸಹಿ ಮಾಡ್ರಿ ಬಾಯಾರ. ಹಾವೂ ಸಾಯಬಾರದು, ಕೋಲೂ ಮುರೀಬಾರದು" ಎಂದರು.

"ಸಾಹೇಬ್ರ, ಪಟ್ಟಿ ಸತ್ತಿತ್ತರಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಒಗಿಯಾಕ ಕಲಿಸಿದವರು ಯಾರು?" ಎಂದು ಮೆತ್ತಗೆ ಕೇಳಿದರು. ಬೆದರಿಸಲಿಲ್ಲ. ನಿವೃತ್ತಿಗೆ ಎಂಟು ತಿಂಗಳಿತ್ತು. ನಾನು ಮೂರು ಸಾಲು ಬರೆದೆ. ಮೂರೂ ಸತ್ಯ. ನಾಲ್ಕನೆಯ ಸಾಲು ಬರೆಯದೆ ಉಳಿಯಿತು. ತಪ್ಪು ಆಳಿನದು ಎಂದು ತೀರ್ಮಾನವಾಯಿತು. ಸೊಸೆಗೆ ಕೆಲಸ ಸಿಗಲಿಲ್ಲ, ಆ ವರ್ಷವೂ ಮಗಳನ್ನು ಕರೆದುಕೊಂಡು ಕಬ್ಬಿಗೆ ಹೋದಳು.

ಉಳಿದ ಎಂಟು ತಿಂಗಳು ನಾನು ಎಲ್ಲವನ್ನೂ ಬದಲಿಸಿದೆ. ಹಳೆಯವನ್ನು ಹರಿದು ಹೊಸವನ್ನು ತರಿಸಿದೆ. ತಣ್ಣೀರು, ಮೆತ್ತನೆಯ ಸಾಬೂನು, ಒಳಮೈ ಹೊರಗೆ ಮಾಡಿ ಕೈಯಲ್ಲಿ ಹಿಸುಕುವುದು, ನೆರಳಿನಲ್ಲಿ ಒಣಗಿಸುವುದು. ಬ್ರಷ್ಷಿಲ್ಲ, ಕಲ್ಲಿಲ್ಲ, ಇಸ್ತ್ರಿಯಿಲ್ಲ. ಚೀಟಿ ಕತ್ತರಿಸದೆ ಮಡಚಿ ಹೊಲಿಸಿದೆ. ಒಗೆದಾಗಲೊಮ್ಮೆ ಒಳ ಅಂಚಿನಲ್ಲಿ ಶಾಯಿಯ ಒಂದು ಗೀಟು, ತಿಂಗಳಿಗೊಮ್ಮೆ ಕತ್ತಲೆ ಕೋಣೆಯಲ್ಲಿ ಬ್ಯಾಟರಿ. ಯಾಕೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೆಂಗಸರಿಗೆ ಇದು ಹಿಡಿಸಲಿಲ್ಲ. "ಮೊದಲ ಸ್ವಚ್ಛ ಇರ್ರಿ ಅಂದ್ರಿ. ಈಗ ಹೊಲಸ ಹಾಕ್ಕೊಂಡ ಅಡ್ಡಾಡ್ರಿ ಅಂತೀರಿ. ನಮ್ಮನ್ನ ಏನಂತ ತಿಳಕೊಂಡೀರಿ?" ಎಂದು ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ನಾನು ಬೀಗದ ಕೈ ಎತ್ತಿಕೊಂಡು ಒಳಗೆ ಹೋದೆ.

ನಿವೃತ್ತಿಯಾಗಿ ಒಂದು ವರ್ಷ ತಡೆದೆ. ಕಳೆದ ತಿಂಗಳು ಆ ಫೋನು ಬಂದ ಮೇಲೆ ತಡೆಯಲಾಗಲಿಲ್ಲ. ರಾಮದುರ್ಗಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕಾಶವ್ವನ ಊರಿಗೆ ಹೋದೆ. ಹಂಗಾಮು ಮುಗಿದು ಸೊಸೆ ಊರಲ್ಲೇ ಇದ್ದಳು. ಅಂಗಡಿಗೆ ಹೋಗಿ ಹಾಲು ತರುತ್ತೇನೆ ಎಂದು ಅವಳು ಹೊರಗೆ ಹೋದಾಗ ಕಾಶವ್ವನಿಗೆ ಎಲ್ಲ ಹೇಳಿದೆ. ಸೋಡಾ, ಕಲ್ಲು, ಚೀಟಿ, ಬ್ಯಾಟರಿ, ಮೂರು ಸಾಲು. ಮೊರದಲ್ಲಿದ್ದ ಅಲಸಂದಿಯ ಕಲ್ಲು ಆರಿಸುತ್ತಿದ್ದ ಅವಳ ಕೈ ನಿಂತಿತು.

"ಇದನ್ನ ಅವತ್ತ ಸಾಹೇಬ್ರ ಕಾಗದದಾಗ ಬರದಿದ್ರ ಸೊಸಿಗೆ ಕೆಲಸ ಆಗತಿತ್ತರಿ" ಎಂದಳು.

"ಹೌದು."

"ಇವತ್ತ ನನಗ ಹೇಳಿದ್ರ ಏನಾಗತೈತ್ರಿ?"

ನನಗೆ ಕ್ಷಮೆ ಬೇಕಾಗಿತ್ತು, ಅದಕ್ಕೇ ಬಂದಿದ್ದೆ.

ಅವಳು ಮೊರ ಕೆಳಗಿಟ್ಟಳು. "ಹುಟ್ಟಿದಾಗಿಂದ ಮಂದಿ ಹೊಲಸ ಬಳದೇನ್ರಿ ಬಾಯಾರ. ಕಾಶವ್ವ ಛಲೋ ಮಾಡತಾಳ ಅಂತ ನಾಕ ಮಂದ್ಯಾಗ ಅಂದವರು ನೀವೊಬ್ಬರ. ಕಾಲ ಹೋದ ಮ್ಯಾಲೂ ಅದೊಂದ ನನ್ನ ಕೈಯಾಗ ಉಳದಿತ್ತು. ಈಗ ಅದೂ ಖೊಟ್ಟಿ ಅಂತ ಹೇಳಾಕ ಇಷ್ಟ ದೂರ ಬಂದೀರಿ."

ಹೊರಗೆ ಸೊಸೆಯ ಚಪ್ಪಲಿಯ ಸದ್ದು ಕೇಳಿತು. ಕಾಶವ್ವ ದನಿ ತಗ್ಗಿಸಿದಳು. "ಆಕಿ ಮುಂದ ಹೇಳಬ್ಯಾಡ್ರಿ. ನಮ್ಮತ್ತಿ ಕೆಲಸ ಎಲ್ಲಾರಕಿಂತ ಸ್ವಚ್ಛ ಇತ್ತು ಅಂತ ಮಗಳ ಮುಂದ ಹೇಳಕೋತ ಇರತಾಳ. ಹೇಳಲಿ."

ಚಹಾ ಬಂತು, ಕುಡಿದೆ. ಸೊಸೆ ಬಸ್ಸಿನ ತನಕ ನನ್ನ ಜೊತೆ ಬಂದಳು. ಬಸ್ಸು ಹತ್ತುವಾಗ ಕೈಮುಗಿದು, "ಅತ್ತಿ ನಿಮ್ಮನ್ನ ಭಾಳ ನೆನಸ್ತಾರ್ರಿ. ಬರಕೋತ ಇರ್ರಿ" ಎಂದಳು. ಬರುತ್ತೇನೆ ಎಂದು ಹೇಳಿ ಸೀಟಿನಲ್ಲಿ ಕೂತೆ.